ಮನೆಪಾಠಕ್ಕೆ ಸೌಮ್ಯ ಸಾಕು

ಮಾಸ್ತರರು: ನನಗಿಂತ ಆ ಸೌಮ್ಯ ಯಾವುದ್ರಲ್ಲಿ ಹೆಚ್ಚು? ಅದೊಂದು ಹೇಳು, ಸಾಕು.

ಮಗಳು: ಅಪ್ಪಾ, ಮೆಲ್ಲಗೆ. ಚೂಟಿ ಈಗಷ್ಟೇ ಮಲಗಿದಾಳೆ.

ಮಾಸ್ತರರು: ಮೆಲ್ಲಗೇ ಕೇಳ್ತಿದೀನಿ.

ಮೆಲ್ಲಗೆ ಎನ್ನುವುದು ಅವರವರ ಅಳತೆ. ಬಹಳ ವರ್ಷ ಡ್ರಿಲ್ ಮಾಸ್ತರರಾಗಿದ್ದು ಮೈದಾನದ ಈ ತುದಿಯಿಂದ ಆ ತುದಿಯ ಮಕ್ಕಳನ್ನು ಎಡಕ್ಕೆ ತಿರುಗಿಸಿದ ಗಂಟಲು ಅದು. ಅವರು ಗುಟ್ಟು ಹೇಳಿದರೂ ಎದುರು ಮನೆಯವರು ಎದ್ದು ನೆಟ್ಟಗೆ ನಿಲ್ಲಬೇಕು. ನಿವೃತ್ತರಾದ ಮೇಲೆ ಆ ಗಂಟಲಿಗೆ ಕೆಲಸವಿರಲಿಲ್ಲ. ನಾಲ್ಕು ವರ್ಷದ ಮೊಮ್ಮಗಳು ಚೂಟಿಯನ್ನು ಈ ವರ್ಷ ಶಾಲೆಗೆ ಸೇರಿಸುವುದಿಲ್ಲ, ಮನೆಯಲ್ಲೇ ಕಲಿಸುತ್ತೇವೆ ಎಂದು ಮಗಳು ಹೇಳಿದಾಗ ಅವರಿಗೆ ಹೋದ ಜೀವ ಬಂದಂತಾಗಿತ್ತು. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಅಳಿಯನಿಗೆ ಲಿಫ್ಟ್ ರಿಪೇರಿ. ಹಗಲು ಹೊತ್ತು ಮಗುವಿಗೆ ಕಲಿಸಲು ತನ್ನನ್ನು ಬಿಟ್ಟು ಇನ್ಯಾರನ್ನು ಕರೆದಾರು? ಕರೆಯುವುದೊಂದೇ ಬಾಕಿ ಎಂದು ಬೂಟಿಗೆ ಪಾಲಿಶ್ ಕೂಡ ಹಾಕಿಟ್ಟುಕೊಂಡಿದ್ದರು.

ಈ ಭಾನುವಾರ ಮಧ್ಯಾಹ್ನ ಫೋನು ಬಂದಿತು. ಅತ್ತ ಕಡೆ ಮಗುವಿನ ಗಲಾಟೆಯೋ ಗಲಾಟೆ. ಅದರ ನಡುವೆ ಮಗಳು, "ಅಪ್ಪಾ, ಮನೆಪಾಠಕ್ಕೆ ಸೌಮ್ಯ ಸಾಕು ಅಂತ ತೀರ್ಮಾನ ಮಾಡಿದ್ವಿ" ಎಂದಳು. ಅಷ್ಟರಲ್ಲಿ ಲೈನು ಕಟ್ಟಾಯಿತು. ಮಾಸ್ತರರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮಗಳ ಮನೆಗೆ ಹೊರಟು ಬಂದಿದ್ದರು.

ಮಗಳು: ನಿಮಗೂ ಅದಕ್ಕೂ ಯಾಕಪ್ಪಾ ಹೋಲಿಕೆ?

ಮಾಸ್ತರರು: ಪಾಠ ಹೇಳೋರನ್ನ ಅದು ಇದು ಅನ್ನಬಾರದು. ನಾನು ನಿನ್ನನ್ನ ಹಾಗೆ ಬೆಳೆಸಿಲ್ಲ.

ಮಗಳು: ಸರಿ. ಸೌಮ್ಯ ಅಂದ್ರೆ ಗದರೋದಿಲ್ಲ, ಅವಸರ ಇಲ್ಲ, ಮಗು ಏನು ಮಾಡಿದ್ರೂ ತಾಳ್ಮೆ. ಅದಕ್ಕೇ ಇಷ್ಟ ಆಯ್ತು.

ಮಾಸ್ತರರು: ಅನುಭವ?

ಮಗಳು: ಅನುಭವ ಏನು ಬಂತು, ಹೊಸದು. ಹೋದ ವರ್ಷ ಬಂದಿದ್ದು.

ಮಾಸ್ತರರು: ಹೋದ ವರ್ಷ ಬಂದಿದ್ದು. ಕಣ್ಣಾರೆ ನೋಡಿದೀರಾ, ಅದೂ ಇಲ್ವಾ?

ಮಗಳು: ಫೋಟೋ ನೋಡಿದ್ವಿ. ಇವ್ರಿಗೆ ಮೊದ್ಲು ಸಾಧನಾ ಮೇಲೆ ಮನಸ್ಸಿತ್ತು.

ಮಾಸ್ತರರು ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಅವನು ನೆಲದ ಮೇಲೆ ಕುರ್ಚಿಯೊಂದನ್ನು ಮಗುಚಿ ಹಾಕಿಕೊಂಡು ಅದರ ಸಡಿಲ ಕಾಲಿಗೆ ಸ್ಕ್ರೂ ತಿರುಗಿಸುತ್ತಿದ್ದ. ಮಾವನ ಎದುರು ಹೆಚ್ಚು ಮಾತಾಡುವವನಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡುವವನೂ ಅಲ್ಲ.

ಅಳಿಯ: ಹೌದು ಮಾವ, ನೋಡೋಕೆ ಲಕ್ಷಣವಾಗಿತ್ತು. ಆದ್ರೆ ಸಿಕ್ಕಾಪಟ್ಟೆ ತೂಕ. ಈ ಮನೆಗೆ ಆಗಲ್ಲ ಅಂತ ಬಿಟ್ವಿ.

ಮಾಸ್ತರರು: ಅಳಿಯಂದ್ರೆ, ಹೆಂಡ್ತಿ ಎದುರಿಗೇ ಈ ಮಾತಾ?

ಅಳಿಯ: ತೋರಿಸಿದ್ದೇ ಅವಳಲ್ವಾ. ಸೌಮ್ಯ ಆದ್ರೆ ಬಿಡಿಬಿಡಿಯಾಗಿ ತರಿಸ್ಕೋಬಹುದು. ಹಿಡಿಸ್ಲಿಲ್ಲ ಅಂದ್ರೆ ಡಬ್ಬದಲ್ಲಿ ಹಾಕಿ ವಾಪಸ್ ಕಳಿಸಿದ್ರಾಯ್ತು.

ಮಾಸ್ತರರು: ಅಲ್ಲಿವರೆಗೆ ಇಟ್ಕೊಳ್ಳೋದು ಎಲ್ಲಿ? ಇರೋದೇ ಎರಡು ಕೋಣೆ.

ಅಳಿಯ: ಮಂಚದ ಕೆಳಗೆ ಜಾಗ ಮಾಡಿದೀನಿ. ಆರಾಮಾಗಿ ಹಿಡಿಯುತ್ತೆ.

ಮಾಸ್ತರರಿಗೆ ಕೂರಬೇಕೆನಿಸಿತು. ಇದ್ದ ಒಂದು ಕುರ್ಚಿ ಕಾಲು ಮೇಲೆತ್ತಿಕೊಂಡು ಮಲಗಿತ್ತು. ಗೋಡೆಗೆ ಒರಗಿ ನಿಂತರು.

ಮಾಸ್ತರರು: ಆ ಹೆಣ್ಣುಮಗಳ ಮನೆಯವರು ಇದಕ್ಕೆಲ್ಲ ಒಪ್ಪಿದಾರಾ?

ಮಗಳು: ಯಾವ ಹೆಣ್ಣುಮಗಳು?

ಮಾಸ್ತರರು: ಇನ್ಯಾರು, ಸೌಮ್ಯ.

ಅಳಿಯನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ನೀರು ಕುಡಿದು ಬರುತ್ತೇನೆಂದು ಅವನು ಅಡುಗೆಮನೆಗೆ ಎದ್ದು ಹೋದ. ಒಳಗಿನಿಂದ ಬಂದ ಸದ್ದು ನೀರು ಕುಡಿಯುವ ಸದ್ದಾಗಿರಲಿಲ್ಲ. ಮಗಳು ಸೆರಗಿನಿಂದ ಬಾಯಿ ಒತ್ತಿಕೊಂಡು, ಬಣ್ಣದ ಮೂರು ಪುಸ್ತಿಕೆಗಳನ್ನು ತಂದು ಅಪ್ಪನ ಕೈಗಿಟ್ಟಳು. ಮನೆಯಲ್ಲಿ ಕಲಿಯುವ ಪುಟ್ಟ ಮಕ್ಕಳಿಗಾಗಿ ಮಾಡಿದ ಪಾಠಕ್ರಮಗಳು. ಒಂದರ ಹೆಸರು 'ಸಮಗ್ರ', ಇನ್ನೊಂದು 'ಸಾಧನಾ', ಮೂರನೆಯದು 'ಸೌಮ್ಯ'. ದುಡ್ಡು ಕಟ್ಟಿದರೆ ಮಣಿ, ಮರದ ತುಂಡು, ಬಣ್ಣದ ಮೇಣ ಎಲ್ಲ ಡಬ್ಬದಲ್ಲಿ ಮನೆಗೆ ಬರುತ್ತವೆ.

ಮಾಸ್ತರರಿಗೆ ನಾಚಿಕೆಗಿಂತ ಸಮಾಧಾನವೇ ಹೆಚ್ಚಾಯಿತು.

ಮಾಸ್ತರರು: ಹಾಗಾದ್ರೆ ಹೇಳಿಕೊಡೋರು ಯಾರು?

ಮಗಳು: ಅದನ್ನೇ ಮಾತಾಡೋಣ ಅಂತಿದ್ದೆ. ನಾನೇ ಅಂಗಡಿ ಕೆಲಸ ಬಿಟ್ಟುಬಿಡೋಣ ಅಂತ.

ಮಾಸ್ತರರು: ಕೆಲಸ ಯಾಕೆ ಬಿಡ್ತೀಯ? ನಾನಿದೀನಲ್ಲ.

ಮಗಳು: ನೀವಿದೀರಿ ಅಂತಾನೇ ಯೋಚನೆ ಅಪ್ಪಾ.

ಮಾಸ್ತರರು: ಏನು ಹಾಗಂದ್ರೆ?

ಮಗಳು: ಮೊನ್ನೆ ಪಾರ್ಕಲ್ಲಿ ಏನು ಮಾಡಿದ್ರಿ? ಜಾರುಬಂಡೆ ಹತ್ರ ಇದ್ದ ಮಕ್ಕಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ರಿ.

ಮಾಸ್ತರರು: ನೂಕುನುಗ್ಗಲಿತ್ತು.

ಮಗಳು: ಅವರ ಅಮ್ಮಂದಿರೂ ಸಾಲಲ್ಲಿ ನಿಂತಿದ್ರು.

ಮಾಸ್ತರರು: ನಾನು ಅವರಿಗೆ ಹೇಳಿರ್ಲಿಲ್ಲ. ತಾವಾಗೇ ನಿಂತ್ಕೊಂಡ್ರು.

ಅಷ್ಟು ಹೊತ್ತಿಗೆ ಅಳಿಯ ಕಣ್ಣೊರೆಸಿಕೊಂಡು ಈಚೆ ಬಂದಿದ್ದ. ಮಾಸ್ತರರು ಕನ್ನಡಕ ಏರಿಸಿ 'ಸೌಮ್ಯ' ಬಿಡಿಸಿದರು. ಮಗಳು ಬೇಡ ಎನ್ನುವ ಮೊದಲು ತಾನು ಓದಿ ತಿಳಿದುಕೊಂಡವನಾಗಿಬಿಡಬೇಕು ಎಂಬುದು ಅವರ ಲೆಕ್ಕ.

ಮಾಸ್ತರರು: 'ಮೊದಲ ವಾರ, ಜಗ್ಗಿನಿಂದ ಲೋಟಕ್ಕೆ ನೀರು ಹಾಕುವುದು. ಎರಡನೇ ವಾರ, ಚಮಚ, ಬಟ್ಟಲುಗಳನ್ನು ಬೇರೆ ಬೇರೆ ಜೋಡಿಸುವುದು. ಮೂರನೇ ವಾರ, ಒದ್ದೆ ಬಟ್ಟೆಯಿಂದ ಮೇಜು ಒರೆಸುವುದು.' ಇದು ಪಾಠವೋ, ಹೋಟೆಲ್ ಕೆಲಸವೋ?

ಅಳಿಯ: ಇದನ್ನೆಲ್ಲ ನಾನು ದಿನಾ ಮಾಡ್ತೀನಿ ಮಾವ. ಇವತ್ತಿನವರೆಗೂ ಯಾರೂ ಪಾಸು ಅಂದಿಲ್ಲ.

ಮಾಸ್ತರರು: ಅಕ್ಷರ ಯಾವ ವಾರ?

ಮಗಳು: ಈ ವರ್ಷ ಇಲ್ಲ.

ಮಾಸ್ತರರು: ಲೆಕ್ಕ?

ಮಗಳು: ಮೆಟ್ಟಿಲು ಹತ್ತುವಾಗ ಎಣಿಸಿದ್ರೆ ಎಣಿಸ್ಲಿ.

ಮಾಸ್ತರರು: ಎಣಿಸದೆ ಇದ್ರೆ?

ಮಗಳು: ಹತ್ಲಿ.

ಅಳಿಯ: ಛೆ, ಈ ಕಟ್ಟಡದ ಲಿಫ್ಟು ನಾನೇ ರಿಪೇರಿ ಮಾಡ್ದೆ. ಇಷ್ಟು ಗೊತ್ತಿದ್ರೆ ಹಾಗೇ ಬಿಡ್ತಿದ್ದೆ.

ಮಾಸ್ತರರು: 'ಏಳನೇ ವಾರ, ಮೋಡ ನೋಡುವುದು.' ನೋಡಿ ಏನು ಮಾಡೋದು?

ಮಗಳು: ನೋಡೋದು, ಅಷ್ಟೇ.

ಮಾಸ್ತರರು: ಆಗ್ಲಿ. ಯಾವ ಕಡೆ ಮುಖ ಮಾಡಿ ನಿಲ್ಬೇಕು?

ಮಗಳು: ನೋಡಿ, ಅದೇ ನಾನು ಹೇಳ್ತಿರೋದು. ನಿಲ್ಲೋದೇ ಬೇಕಾಗಿಲ್ಲ. ಅವಳು ಮಲಗ್ಕೊಂಡು ನೋಡಿದ್ರೂ ನಡಿಯುತ್ತೆ. ಇಲ್ಲ, ಬೇಡ, ತಪ್ಪು, ಸುಮ್ನಿರು, ಈ ಮಾತುಗಳೇ ಇದರಲ್ಲಿ ಬರೋ ಹಾಗಿಲ್ಲ. ನಿಮ್ಮ ಕೈಲಿ ಆಗುತ್ತಾ?

ಮಾಸ್ತರರು: ಇಲ್ಲ ಅಂತ ನೀನು ಹೇಗೆ ಹೇಳ್ತೀಯ?

ಮಗಳು: ಒಂದು ಹೇಳಿಬಿಟ್ರಿ.

ಮಾಸ್ತರರು ಪುಸ್ತಿಕೆಯನ್ನು ಮಗಳ ಕೈಗೆ ಕೊಟ್ಟರು. ಎಷ್ಟೋ ವಾರ್ಷಿಕೋತ್ಸವ ನಡೆಸಿದವರು, ಎಷ್ಟೋ ಬಹುಮಾನ ಗೆದ್ದ ತಂಡಗಳನ್ನು ತಯಾರು ಮಾಡಿದವರು, ಒಂದು ಜಗ್ಗು ನೀರಿನ ಮುಂದೆ ಸೋಲುವುದೇ? ಒಂದು ಸಲ ಪರೀಕ್ಷೆ ಮಾಡಿ ನೋಡು ಎಂದರು. ಮಗು ಮಲಗಿದೆ, ಯಾರಿಗೆ ಪಾಠ ಹೇಳುತ್ತೀರಿ ಎಂದು ಮಗಳು ಕೇಳಿದಳು. ಇಬ್ಬರೂ ಒಟ್ಟಿಗೇ ಅಳಿಯನನ್ನು ನೋಡಿದರು.

ಅಳಿಯ: ನಂಗೆ ಇನ್ನೂ ಒಂದು ಕಾಲು ಬಾಕಿಯಿದೆ. ಕುರ್ಚೀದು.

ಮಗಳು: ರೀ, ಕೂತ್ಕೊಳ್ಳಿ. ನಿಮಗೀಗ ನಾಲ್ಕು ವರ್ಷ.

ಜಗ್ಗು, ಲೋಟ ಬಂದವು. ಅಳಿಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಮಾಸ್ತರರು ಎದುರಿಗೆ ಕೂತರು, ಮೊಣಕಾಲು ಒಮ್ಮೆ ಲಟಕ್ಕೆಂದಿತು.

ಮಾಸ್ತರರು: ಅಳಿಯಂದ್ರೆ, ದಯವಿಟ್ಟು ಜಗ್ಗು ತಗೊಳ್ಳಿ.

ಮಗಳು: ಮಗೂನ ಯಾರಾದ್ರೂ ಅಳಿಯಂದ್ರೆ ಅಂತಾರಾ?

ಮಾಸ್ತರರು: ...ಕಂದ.

ಮೀಸೆಯ ಅಳಿಯ ನಾಚಿ ಕೆಂಪಾದ. ಮದುವೆಯ ದಿನವೂ ಮಾವ ಅವನನ್ನು ಇಷ್ಟು ಪ್ರೀತಿಯಿಂದ ಮಾತಾಡಿಸಿರಲಿಲ್ಲ. ಆದರೆ ಒಂದು ಸಲ ಮಗುವಾದ ಮೇಲೆ ಅವನಿಗೂ ಉತ್ಸಾಹ ಬಂದುಬಿಟ್ಟಿತು.

ಅಳಿಯ: ತಾತ, ನಂಗೆ ಜಗ್ಗು ಬೇಡ. ಸ್ಕ್ರೂಡ್ರೈವರ್ ಬೇಕು.

ಮಾಸ್ತರರು: ಅದು ಬೇ...

ಮಗಳು: ಹ್ಞೂಂ?

ಮಾಸ್ತರರು: ಅದು ಬೇರೆ ದಿನ, ಕಂದ. ಇವತ್ತು ಪಾಪ, ಜಗ್ಗು ನಿಮ್ಮ... ನಿನ್ನ ದಾರಿ ಕಾಯ್ತಿದೆ.

ಮಗಳ ಹುಬ್ಬು ಮೇಲೇರಿತು. ಪರವಾಗಿಲ್ಲ ಎನ್ನುವ ಹುಬ್ಬು. ಅಳಿಯ ಜಗ್ಗು ಎತ್ತಿ ನೀರು ಸುರಿಯತೊಡಗಿದ. ಲೋಟ ತುಂಬಿತು. ಅವನು ನಿಲ್ಲಿಸಲಿಲ್ಲ. ನೀರು ನೆಲಕ್ಕಿಳಿದು, ಹರಿದು, ನೇರವಾಗಿ ಮಾಸ್ತರರ ಪಂಚೆಯ ಅಂಚು ಹುಡುಕಿಕೊಂಡು ಬಂದಿತು.

ಮಾಸ್ತರರು: ತ...

ಮಗಳು: ಅಪ್ಪಾ.

ಮಾಸ್ತರರು: ತ... ತಣ್ಣಗಿದೆ ನೀರು.

ಮಗಳು: ಈಗ ಏನಾಯ್ತು ಅಂತ ಮಗೂನೇ ಹೇಳ್ಬೇಕು. ನೀವು ಕೇಳಿ, ಅಷ್ಟೇ.

ಮಾಸ್ತರರು: ಏನಾಯ್ತು ಕಂದ?

ಅಳಿಯ: ಲೋಟ ಚಿಕ್ಕದಾಗ್ಬಿಡ್ತು.

ಮಾಸ್ತರರು: ಚಿಕ್ಕದು ಅಂತ ಗೊತ್ತಾದ ಮೇಲೂ ಸುರಿದದ್ದು ಯಾಕೆ, ಬಂಗಾರ?

ಅಳಿಯ: ಯಾರೂ ಸಾಕು ಅನ್ಲಿಲ್ಲ.

ಮಗಳು: ರೀ, ನೀವು ಬೇಕಂತಲೇ ಮಾಡ್ತಿದೀರಿ. ಚೂಟಿ ಹೀಗೆಲ್ಲ ಮಾಡಲ್ಲ.

ಅಳಿಯ: ನಿನ್ನೆ ಬಚ್ಚಲಲ್ಲಿ ಇದನ್ನೇ ಮಾಡಿದ್ಲು. ನಾನು ಅರ್ಧ ಬಕೆಟ್ ಕಮ್ಮಿ ಮಾಡಿದೀನಿ.

ಮಗಳು: ಅಪ್ಪನ್ನ ಫೇಲ್ ಮಾಡಿಸ್ಬೇಕು ಅಂತಾನಾ ನಿಮಗೆ?

ಅಳಿಯ: ಸುಲಭದ ಪರೀಕ್ಷೆ ಕೊಟ್ಟು ಪಾಸ್ ಮಾಡಿದ್ರೆ ನಾಳೆ ನೀನೇ ನನ್ನನ್ನ ಬೈತೀಯ.

ಮಾಸ್ತರರು: ಮೆಲ್ಲಗೆ ಮಾತಾಡ್ರಪ್ಪಾ, ಮಗು ಮಲಗಿದೆ.

ಆ ಮಾತು ನಿಜಕ್ಕೂ ಮೆಲ್ಲಗೆ ಬಂದಿತ್ತು. ಎಷ್ಟು ಮೆಲ್ಲಗೆ ಎಂದರೆ ಗಂಡ ಹೆಂಡತಿ ಇಬ್ಬರಿಗೂ ಕೇಳಿಸಲಿಲ್ಲ. ಮಾಸ್ತರರಿಗೆ ಮಾತ್ರ ತಮ್ಮ ದನಿ ತಮಗೇ ಹೊಸದೆನಿಸಿ, ಇನ್ನೊಮ್ಮೆ ಹೇಳಿ ನೋಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಕೋಣೆಯ ಬಾಗಿಲು ತೆರೆದುಕೊಂಡಿತು. ಚೂಟಿ ದಿಂಬನ್ನು ಕಿವಿ ಹಿಡಿದು ಎಳೆಯುತ್ತಾ ಬಂದು ನಿಂತಿದ್ದಳು. ನೆಲದ ನೀರನ್ನೂ ನೀರಿನಲ್ಲಿ ಕೂತ ಅಪ್ಪನನ್ನೂ ನೋಡಿದಳು. ಅವಳಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ಚೂಟಿ: ಏನಾಟ ಇದು?

ಮಾಸ್ತರರು: ಶಾಲೆ ಆಟ ಕಂದ.

ಚೂಟಿ: ಟೀಚರ್ ಯಾರು?

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಮಗಳು: ನೀನೇ ಆಗ್ತೀಯಾ ಚಿನ್ನ? ಮಗು ಮುಂದೆ ಹೋಗ್ಬೇಕು, ನಾವು ಹಿಂದೆ ಬರ್ಬೇಕು ಅಂತಾನೇ ಇದರಲ್ಲಿ ಹೇಳಿರೋದು ಅಪ್ಪಾ. ಈಗ ನೋಡಿ, ಎಷ್ಟು ಚೆಂದ ಮಾಡ್ತಾಳೆ.

ಚೂಟಿ ದಿಂಬನ್ನು ಕೆಳಗೆ ಹಾಕಿ, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡಳು.

ಚೂಟಿ: ಏಳಿ, ಏಳಿ, ಏಳಿ. ಎಷ್ಟು ಸಲ ಎಬ್ಬಿಸ್ಬೇಕು ನಿಮ್ಮನ್ನ? ಚಪ್ಪಲಿ ಎಲ್ಲಿ? ನಿನ್ನೆ ಇಲ್ಲೇ ಇತ್ತಲ್ಲ, ರೆಕ್ಕೆ ಬಂದು ಹಾರಿಹೋಯ್ತಾ? ಬಾಯಲ್ಲಿರೋದು ನುಂಗಿ. ನುಂಗಿ ಅಂದ್ರೆ ನುಂಗಬೇಕು. ಅಳು ಬೇರೆ ಕೇಡು. ನಂಗೆ ಲೇಟಾಯ್ತು, ಲೇಟಾಯ್ತು, ಲೇಟಾಯ್ತು.

ಅಳಿಯ ಗಡಬಡಿಸಿ ಎದ್ದು ನಿಂತು, ಬಾಯಲ್ಲಿ ಏನೂ ಇಲ್ಲದಿದ್ದರೂ ನುಂಗಿದ.

ಮಗಳು: ನೋಡಿದ್ರಾ ಅಪ್ಪಾ? ಇದಕ್ಕೇ ನಾನು ಹೆದರಿದ್ದು. ನಿಮ್ಮ ಡ್ರಿಲ್ಲು ಆಗ್ಲೇ ಅಂಟಿಬಿಟ್ಟಿದೆ.

ಮಾಸ್ತರರು: ನಾನು ಇಷ್ಟು ವರ್ಷದಲ್ಲಿ ಯಾರಿಗೂ ನುಂಗಿ ಅಂದಿಲ್ಲ ಕಣಮ್ಮ.

ಮಗಳು: ಮತ್ತೆ? ಚೂಟಿ, ಇದನ್ನೆಲ್ಲ ನಿಂಗೆ ಯಾರು ಹೇಳ್ಕೊಟ್ರು?

ಚೂಟಿ: ಯಾರೂ ಹೇಳ್ಕೊಟ್ಟಿಲ್ಲ. ನಾನೇ ಕಲ್ತ್ಕೊಂಡೆ.

ಮಗಳು: ಯಾವಾಗ?

ಚೂಟಿ: ದಿನಾ ಬೆಳಿಗ್ಗೆ.

ಬೆಳಿಗ್ಗೆ ಚೂಟಿಯನ್ನು ಎಬ್ಬಿಸಿ, ತಿನ್ನಿಸಿ, ಚಪ್ಪಲಿ ಹಾಕಿ, ಪಕ್ಕದ ಬೀದಿಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಅಂಗಡಿಗೆ ಓಡುವವಳು ಯಾರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಳಿಯ ತಕ್ಷಣ ಕುರ್ಚಿಯ ಕಡೆ ಹೋಗಿ, ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಮತ್ತೆ ಬಿಗಿ ಮಾಡತೊಡಗಿದ. ಮಗಳ ಮುಖ ಸಣ್ಣದಾಯಿತು. ಕೈಯಲ್ಲಿದ್ದ 'ಸೌಮ್ಯ'ವನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

ಮಾಸ್ತರರ ನಾಲಿಗೆಯ ತುದಿಗೆ ಒಳ್ಳೊಳ್ಳೆಯ ಮಾತುಗಳು ಬಂದು ನಿಂತಿದ್ದವು. ಪಾರ್ಕಿನ ಮಾತಿಗೆ ಬಡ್ಡಿ ಸಮೇತ ತೀರಿಸಬಹುದಿತ್ತು. ಆದರೆ ಮಗಳ ಕೆಳದುಟಿ ಅದುರುತ್ತಿತ್ತು. ಹಿಂದೆ ಓಟದಲ್ಲಿ ಬಿದ್ದು ಎದ್ದಾಗಲೂ ಅವಳು ಹೀಗೇ ಅಳದೆ ನಿಲ್ಲುತ್ತಿದ್ದಳು. ಮಾಸ್ತರರು ಒದ್ದೆ ಪಂಚೆ ಎತ್ತಿಕೊಂಡು ಎದ್ದು ಅವಳ ಹತ್ತಿರ ಹೋದರು.

ಮಾಸ್ತರರು: ಉಚ್ಚಾರಣೆ ಮಾತ್ರ ಎಷ್ಟು ಸ್ಪಷ್ಟ ನೋಡು. ಹೇಳಿಕೊಟ್ಟೋರು ಯಾರೋ ಮನಸ್ಸಿಟ್ಟು ಹೇಳಿಕೊಟ್ಟಿದಾರೆ.

ಮಗಳಿಗೆ ಅಳುವುದಕ್ಕೆಂದು ತೆರೆದ ಬಾಯಿಂದ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣೊರೆಸಿಕೊಂಡಳು. ಅಮ್ಮ ಸಾಲಿನಲ್ಲಿ ನಿಂತಿಲ್ಲವೆಂದು ಚೂಟಿ ಅವಳ ಸೆರಗು ಹಿಡಿದು ಎಳೆದು ತಾತನ ಪಕ್ಕ ನಿಲ್ಲಿಸಿದಳು. ಅವಳು ತಕರಾರಿಲ್ಲದೆ ನಿಂತಳು.

ಮಗಳು: ನಾನು ಕೆಲಸ ಬಿಡಲ್ಲ ಅಪ್ಪಾ. ಸೌಮ್ಯ ತರಿಸ್ತೀನಿ. ನೀವೇ ಹೇಳಿಕೊಡಿ.

ಮಾಸ್ತರರು: ಆಗ್ಲಿ. ಸೋಮವಾರ ಬೆಳಿಗ್ಗೆ ನೀನು ಏಳೋ ಹೊತ್ತಿಗೆ ಬಂದಿರ್ತೀನಿ.

ಮಗಳು: ಅಷ್ಟು ಬೇಗ ಯಾಕೆ? ಪಾಠ ಶುರುವಾಗೋದು ಹತ್ತು ಗಂಟೆಗೆ ಅಂತ ಬರೆದಿದೆಯಲ್ಲ.

ಮಾಸ್ತರರು: ಹತ್ತಕ್ಕೆ ಚೂಟಿದು. ಬೆಳಿಗ್ಗೆ ನಿಂದು.