ಕಂಬಕ್ಕೂ ಕಾರಿಗೂ ನಡುವೆ

ಧ್ವನಿಯ ವಿಷಯದಲ್ಲಿ ನಾನು ಯಾರಿಗೂ ಸೋತವನಲ್ಲ. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು "ಪ್ರಯಾಣಿಕರ ಗಮನಕ್ಕೆ" ಎಂದು ನಾನು ಶುರುಮಾಡಿದರೆ, ಎಲ್ಲಿಗೂ ಹೋಗಬೇಕಿಲ್ಲದವರೂ ಎದ್ದು ಚೀಲ ಹುಡುಕುತ್ತಿದ್ದರು. ಹೋದ ವರ್ಷ ಅಲ್ಲಿಗೊಂದು ಯಂತ್ರ ಬಂತು. ಈಗ ಎಲ್ಲ ಬಸ್ಸುಗಳನ್ನೂ ಅದೇ ಕೂಗುತ್ತದೆ. "ನಿಮ್ಮ ಧ್ವನಿ ಚೆನ್ನಾಗೇ ಇದೆ ಕಣ್ರೀ. ಆದರೆ ಯಂತ್ರ ರಜೆ ಕೇಳಲ್ಲ ನೋಡಿ" ಎಂದು ಮ್ಯಾನೇಜರು ನನ್ನನ್ನು ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದರು. ಅಲ್ಲಿ ಜನ ವಿಚಾರಿಸುವುದು ಶೌಚಾಲಯ ಎಲ್ಲಿದೆ ಎಂಬುದನ್ನು. ಅದಕ್ಕೆ ಮೈಕು ಬೇಕಿಲ್ಲ.

ಹೀಗೆ ಕೆಲಸವಿಲ್ಲದೆ ಕುಳಿತ ನನ್ನ ಕಿವಿ ಮನೆಯ ಕಾರಿನ ಸ್ಟೀರಿಯೋದ ಮೇಲೆ ಬಿತ್ತು. ಕಾರು ಹೆಂಡತಿಯದು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿಯವಳು. ನಾನು ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಅವಳು ಅರ್ಧ ವಾರ್ಡಿನ ರಕ್ತ ತೆಗೆದಿರುತ್ತಾಳೆ. ಕಾರಿನ ಜೊತೆಗೇ ಬಂದಿದ್ದ ಆ ಸ್ಟೀರಿಯೋದಲ್ಲಿ ಯಾರು ಹಾಡಿದರೂ ಬಿಂದಿಗೆಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಇದನ್ನು ಕಿತ್ತುಹಾಕಿ, ಗಂಧರ್ವರೂ ನಾಚುವಂಥ ಹೊಸದೊಂದನ್ನು ನನ್ನ ಕೈಯಾರೆ ಕೂರಿಸುತ್ತೇನೆ ಎಂದು ಊಟದ ಮೇಜಿನಲ್ಲಿ ಘೋಷಿಸಿದೆ. ಘೋಷಣೆ ನನಗೇನೂ ಹೊಸದಲ್ಲ.

"ಹಾಕ್ಕೊಳ್ಳಿ," ಎಂದಳು ಹೆಂಡತಿ. "ಆದ್ರೆ ಒಂದು ಮಾತು. ಈಗ ಕಾರಿಗೆ ಏನೇನು ಸೌಲಭ್ಯ ಇದೆಯೋ ಅದರಲ್ಲಿ ಒಂದೂ ಹೋಗಬಾರದು. ಹಿಂದಕ್ಕೆ ತಗೊಳ್ಳುವಾಗ ಕಂಬ ಹತ್ತಿರ ಬಂದ್ರೆ ಪೀಂ ಪೀಂ ಅನ್ನುತ್ತಲ್ಲ, ಅದಂತೂ ಹೋಗಲೇಬಾರದು."

"ಪೀಂ ಪೀಂ ಇರೋದು ಹಿಂದಿನ ಬಂಪರಲ್ಲಿ. ಸ್ಟೀರಿಯೋ ಇರೋದು ಮುಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಂಗೇನು ಗೊತ್ತು. ಹೋಗಬಾರದು, ಅಷ್ಟೆ."

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ನಮ್ಮ ಗೇಟಿನ ಕಂಬಗಳನ್ನು ಕಟ್ಟಿಸಿದವರು ನಮ್ಮ ತಂದೆ, ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು. ಊರೆಲ್ಲ ನಿರ್ಭಯವಾಗಿ ಕಾರು ಓಡಿಸುವ ನನ್ನ ಹೆಂಡತಿಗೆ ಆ ಎಡಗಡೆಯ ಕಂಬ ಕಂಡರೆ ಮಾತ್ರ ಹೆದರಿಕೆ. ಅಷ್ಟು ಬೆಳಿಗ್ಗೆ ಆಸ್ಪತ್ರೆಯ ಕಡೆಗೆ ಬಸ್ಸಿಲ್ಲ. ಪೀಂ ಪೀಂ ಇದೆಯೆಂಬ ಧೈರ್ಯದ ಮೇಲೆಯೇ ಅವಳು ಆ ಕೆಲಸಕ್ಕೆ ಸೇರಿದ್ದು. ಇದೆಲ್ಲ ನನಗೆ ಗೊತ್ತಿತ್ತು.

ಅಂಗಡಿಯವನು ಹೊಸ ಸ್ಟೀರಿಯೋದ ಜೊತೆಗೆ ಒಂದು ಪುಟ್ಟ ಡಬ್ಬಿಯನ್ನೂ ಮುಂದಿಟ್ಟ. "ಇದನ್ನೂ ಹಾಕಿಸ್ಕೊಳ್ಳಿ ಸಾರ್. ಇಲ್ಲಾಂದ್ರೆ ಕಾರಿನ ಹಳೇ ಫೀಚರ್‌ಗಳು ಕೆಲಸ ಮಾಡಲ್ಲ."

"ಇದರಿಂದ ಸದ್ದು ಬರುತ್ತಾ?"

"ಇಲ್ಲ ಸಾರ್. ಇದು ಸುಮ್ನೆ ಒಳಗಿರುತ್ತೆ."

ಸುಮ್ಮನೆ ಒಳಗಿರುವುದಕ್ಕೆ ದುಡ್ಡು ಕೊಡುವ ಮನುಷ್ಯನಂತೆ ನಾನು ಕಾಣಿಸಿದೆನಲ್ಲ ಎಂದು ಬೇಸರವಾಯಿತು. ಡಬ್ಬಿಯನ್ನು ಅವನ ಕಡೆಗೇ ತಳ್ಳಿ ಬಂದೆ.

ಭಾನುವಾರ ಕಾರಿಗೆ ಶಸ್ತ್ರಚಿಕಿತ್ಸೆ. ನಮ್ಮಮ್ಮ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತರು. ನಾನು ಡ್ಯಾಶ್‌ಬೋರ್ಡಿನ ಮುಖವನ್ನು ಬಿಚ್ಚಿದೆ, ಹಳೆಯದನ್ನು ಎಳೆದೆ, ಹೊಸದನ್ನು ಕೂರಿಸಿದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಕೊನೆಯಲ್ಲಿ ಒಂದು ಹಿಡಿ ವೈರು ಉಳಿಯಿತು.

"ಇವು ಯಾವುದಕ್ಕೋ?" ಎಂದರು ಅಮ್ಮ.

"ಕಂಪನಿಯವರು ಹೆಚ್ಚಿಗೆ ಕೊಟ್ಟಿದ್ದಮ್ಮ."

"ಕಂಪನಿಯವರು ಯಾವತ್ತು ಹೆಚ್ಚಿಗೆ ಕೊಟ್ಟಿದ್ದಾರೆ?"

ಆ ಪ್ರಶ್ನೆಯನ್ನೂ ವೈರುಗಳನ್ನೂ ಒಟ್ಟಿಗೆ ಒಳಗೆ ತುರುಕಿ ಮುಚ್ಚಿದೆ. ಹಾಡು ಹಾಕಿದೆ. ಎದುರುಮನೆಯ ಹಲ್ಲಿನ ಡಾಕ್ಟರ ಕಿಟಕಿಯ ಗಾಜು ನಡುಗಿತು. ಸ್ಟೀರಿಂಗಿನ ಮೇಲಿದ್ದ ಗುಂಡಿಗಳು ಒತ್ತಿದರೂ ಮಾತಾಡಲಿಲ್ಲ. ಕೈ ಚಾಚಿದರೆ ಸ್ಟೀರಿಯೋ ಸಿಗುವಾಗ ಗುಂಡಿ ಯಾಕೆ ಎಂದೆ. ಬೆಲ್ಟು ಹಾಕದೆ ಕೂತರೂ ಕಾರು ಗೊಣಗಲಿಲ್ಲ. ಕಾರಿಗೂ ಸಂಸ್ಕಾರ ಬಂತು ಎಂದೆ. ಹೆಂಡತಿ ಎಡಗಡೆಯ ಕಂಬದ ಕಡೆಗೊಮ್ಮೆ ನೋಡಿದಳು. ಆಗಲೇ ನಾನು ಹುಷಾರಾಗಬೇಕಿತ್ತು.

ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿದ್ದ ನನಗೆ 'ಚಟ್' ಎಂಬ ಸದ್ದು ಕೇಳಿಸಿತು. ಧ್ವನಿಯ ಮನುಷ್ಯನಲ್ಲವೇ, ಅದು ಹಿಂದಿನ ಎಡಗಡೆಯ ದೀಪದ ಗಾಜು ಎಂದು ಕಣ್ಣು ತೆರೆಯದೆಯೇ ತಿಳಿಯಿತು. ಓಡಿದೆ. ಕಂಬಕ್ಕೆ ಏನೂ ಆಗಿರಲಿಲ್ಲ. ಕಾರಿನೊಳಗೆ ಯಾರೋ ಅತಿ ಇಂಪಾಗಿ ಹಾಡುತ್ತಿದ್ದರು. ಹೆಂಡತಿ ಸ್ಟೀರಿಂಗ್ ಹಿಡಿದು ನೇರ ನೋಡುತ್ತ ಕುಳಿತಿದ್ದಳು.

"ಪೀಂ ಅನ್ನುತ್ತೆ, ಪೀಂ ಅನ್ನುತ್ತೆ ಅಂತ ಕಾಯ್ತಾ ಇದ್ದೆ," ಎಂದಳು ಮೆಲ್ಲಗೆ. "ಅನ್ನಲೇ ಇಲ್ಲ."

ಕಂಬವನ್ನು ಪತ್ತೆಹಚ್ಚುವ ಸೆನ್ಸರು ಇರುವುದು ಹಿಂದಿನ ಬಂಪರಿನಲ್ಲಾದರೂ ಅದರ ಪೀಂ ಪೀಂ ಹೊರಬರುವುದು ಹಳೆಯ ಸ್ಟೀರಿಯೋದ ಬಾಯಿಂದ ಎಂಬುದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ಅವಳ ಕಣ್ಣಂಚು ಒದ್ದೆಯಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಡಬ್ಬಿ ತರ್ತೀನಿ. ಅಲ್ಲೀತನಕ ನಾನೇ ಹಿಂದೆ ನಿಂತು ಹೇಳ್ತೀನಿ," ಎಂದೆ.

ಅಂಗಡಿಯವನ ಹತ್ತಿರ ಆ ಡಬ್ಬಿ ಮುಗಿದುಹೋಗಿತ್ತು. ತರಿಸಿಕೊಡುತ್ತೇನೆ, ತಡವಾಗುತ್ತದೆ ಎಂದ. ಮಾರನೆಯ ಬೆಳಿಗ್ಗೆ ನಾನು ಪೈಜಾಮದಲ್ಲಿ ಕಂಬದ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಗಮನಿಸಿ, ಹಿಂದಕ್ಕೆ ಚಲಿಸುತ್ತಿರುವ ಕಾರು ಇನ್ನು ಕೆಲವೇ ಕ್ಷಣಗಳಲ್ಲಿ ಎಡಗಡೆಯ ಕಂಬವನ್ನು..." ಎನ್ನುವಷ್ಟರಲ್ಲಿ ಕಾರು ಬಂದು ತಲುಪಿತ್ತು.

ಹೆಂಡತಿ ಇಳಿದು ಬಂಪರಿನ ಹೊಸ ಗೀರನ್ನು ನೋಡಿದಳು. "ವಾಕ್ಯ ಬೇಡ. ಪೀಂ ಅನ್ನಿ."

"ಪೀಂ ಅಂತಲಾ? ನಾನಾ?"

"ದೂರ ಇದ್ರೆ ನಿಧಾನಕ್ಕೆ. ಹತ್ತಿರ ಬಂದ್ರೆ ಬೇಗ ಬೇಗ. ತೀರಾ ಹತ್ತಿರ ಬಂದ್ರೆ ಉಸಿರು ಬಿಡದೆ."

ಅಂದಿನಿಂದ ದಿನಾ ಬೆಳಿಗ್ಗೆ ಪೀಂ ಎನ್ನತೊಡಗಿದೆ. ಮೊದಮೊದಲು ಸಣ್ಣ ದನಿಯಲ್ಲಿ, ಅತ್ತಿತ್ತ ನೋಡಿ. "ಹಳೇದು ಇನ್ನೂ ಸ್ವಲ್ಪ ಸಣ್ಣಗಿತ್ತು ಕಣೋ, ನಿಂದು ದಪ್ಪ ಆಯ್ತು," ಎಂದು ಅಮ್ಮ ಕಿಟಕಿಯಿಂದ ತಿದ್ದಿದರು. ಆಮೇಲೆ ಅಭ್ಯಾಸವಾಯಿತು. ಕಾರಿನ ಹಿಂದೆ ಬೆಕ್ಕು ಮಲಗಿದ್ದರೆ ಓಡಿಸುತ್ತಿದ್ದೆ, ಗೇಟು ತೆಗೆದು ಮತ್ತೆ ಹಾಕುತ್ತಿದ್ದೆ, ಗಾಜು ಒರೆಸುತ್ತಿದ್ದೆ. ಕಾರಿಗೆ ಮತ್ತೆ ಗೀರು ಬೀಳಲಿಲ್ಲ. ಹಲ್ಲಿನ ಡಾಕ್ಟರು ತಮ್ಮ ಕಾರಿನಿಂದ ತಲೆ ಹೊರಹಾಕಿ, "ಹೇಗೂ ನಿಂತಿದ್ದೀರಲ್ಲ, ನಮ್ಮದಕ್ಕೂ ಒಂಚೂರು," ಎಂದರು. ಎದುರುಮನೆಯವರನ್ನು ಎದುರು ಹಾಕಿಕೊಳ್ಳುವುದು ಹೇಗೆ, ಅವರದಕ್ಕೂ ಪೀಂ ಎಂದೆ.

ವಿಪರೀತಕ್ಕಿಟ್ಟುಕೊಂಡದ್ದು ನಿಲ್ದಾಣದಲ್ಲಿ. ಒಬ್ಬ ಹಿರಿಯರು ವಿಚಾರಣೆಯ ಕಿಟಕಿಗೆ ಬಗ್ಗಿ, ಮುಖವನ್ನು ಮೆಲ್ಲಮೆಲ್ಲಗೆ ಒಳಕ್ಕೆ ತಂದರು. ನನ್ನ ಬಾಯಿ ನನ್ನನ್ನು ಕೇಳದೆ ಪೀಂ... ಪೀಂ... ಪೀಂಪೀಂಪೀಂ ಎಂದುಬಿಟ್ಟಿತು. ಅವರು ಗೌರವದಿಂದ ಹಿಂದಕ್ಕೆ ಸರಿದು ನಿಂತರು.

ಮ್ಯಾನೇಜರು ಕರೆಸಿದರು. "ಏನ್ರೀ ಅದು?"

"ಮನೆಯಲ್ಲಿ ಸ್ವಲ್ಪ ಜವಾಬ್ದಾರಿ ಹೆಚ್ಚಾಗಿದೆ ಸಾರ್."

ಕೊನೆಗೂ ಡಬ್ಬಿ ಬಂತು. ಈ ಸಲ ಅಂಗಡಿಯವನ ಕೈಯಲ್ಲೇ ಹಾಕಿಸಿದೆ. ಗುಂಡಿಗಳು ಮಾತಾಡಿದವು, ಬೆಲ್ಟು ಗೊಣಗಿತು, ಪೀಂ ಪೀಂ ಮರಳಿತು. ಮರುದಿನ ಹೊದಿಕೆಯನ್ನು ಕಿವಿವರೆಗೆ ಎಳೆದುಕೊಂಡು ಮಲಗಿದೆ. ಗೇಟಿನ ಕಡೆಯಿಂದ ಪೀಂ ಪೀಂ ಕೇಳಿಸಿತು. ಅದು ನನ್ನದಲ್ಲ ಎಂಬುದೇ ಪರಮಸುಖ. ಅದರ ಹಿಂದೆಯೇ ಹಾರ್ನು ಕೇಳಿಸಿತು. ಅದು ನಿಲ್ಲಲಿಲ್ಲ.

ಎದ್ದು ಹೋದೆ. ಹೆಂಡತಿ ಗಾಜು ಇಳಿಸಿಕೊಂಡು ಕಾಯುತ್ತಿದ್ದಳು.

"ಪೀಂ ಬರ್ತಿದೆಯಲ್ಲ, ಮತ್ತೇನು?"

"ಬರ್ತಿದೆ. ಕಂಬಕ್ಕೂ ಪೀಂ, ಬೆಕ್ಕಿಗೂ ಪೀಂ, ಪೇಪರಿನವರಿಗೂ ಪೀಂ. ಅದೇನು ಬೆಕ್ಕು ಓಡಿಸುತ್ತಾ? ಗೇಟು ಹಾಕುತ್ತಾ? ಬನ್ನಿ, ಹೊತ್ತಾಯ್ತು."

"ಹಾಗಾದ್ರೆ ಡಬ್ಬಿ ಹಾಕಿಸಿದ್ದು ಯಾಕೆ?"

"ನಾನು ಮೊದಲೇ ಹೇಳಿರಲಿಲ್ವಾ?" ಎಂದಳು ಅವಳು, ಕನ್ನಡಿ ಸರಿಮಾಡಿಕೊಳ್ಳುತ್ತ. "ನೀವು ಏನು ಬೇಕಾದ್ರೂ ಹಾಕಿಸ್ಕೊಳ್ಳಿ. ಈಗ ಕಾರಿಗೆ ಇರೋ ಸೌಲಭ್ಯದಲ್ಲಿ ಒಂದೂ ಹೋಗಬಾರದು."

ಚಪ್ಪಲಿ ಮೆಟ್ಟಿ ಕಂಬದ ಪಕ್ಕ ಹೋಗಿ ನಿಂತೆ. ವಾರಕ್ಕೊಂದು ದಿನ ರಜೆ ಕೇಳೋಣವೆಂದು ಬಾಯಿ ತೆರೆದೆ. ಮ್ಯಾನೇಜರು ಯಂತ್ರದ ಬಗ್ಗೆ ಹೇಳಿದ ಮಾತು ನೆನಪಾಯಿತು. ತೆರೆದ ಬಾಯಲ್ಲಿ ಪೀಂ ಎಂದೆ.