ಅರ್ಧ ಕೀಲಿಯ ಗಂಡ

ನಿದ್ದೆಯಲ್ಲಿ ತಾನು ಏನಂದೆನೆಂದು ಅರ್ಧಕೀಲಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ಹೆಂಡತಿ ಅವನನ್ನು ದಿಂಬಿನ ಸಮೇತ ಹಜಾರದ ಸೋಫಾಕ್ಕೆ ಸಾಗಹಾಕಿದ್ದಳು, ಸೋಫಾದ ಮುರುಕು ಸ್ಪ್ರಿಂಗು ಬೆಳಗಾಗುವವರೆಗೂ ಮೇಷ್ಟರ ಬೆರಳಿನ ಹಾಗೆ ಪಕ್ಕೆಲುಬನ್ನು ತಿವಿದಿತ್ತು.

"ನಾನೇನು ಮಾಡಿದೆ?"

"ನಿದ್ದೇಲಿ ಕರೆದ್ರಲ್ಲ, ಅವಳನ್ನೇ ಕೇಳಿ."

ಅವಳು ಯಾರೆಂದು ಹೊಳೆಯಲಿಲ್ಲ. ಆದರೆ ಬಹುವಚನ ಕೇಳಿ ಎದೆ ಧಸಕ್ಕೆಂದಿತು. ಒಲವಿದ್ದಾಗ ನೀನು, ಮುನಿಸಿದ್ದಾಗ ನೀವು. ಅವರ ಮನೆಯ ಪದ್ಧತಿಯೇ ಅದು.

ಇಬ್ಬರದೂ ಒಂದೇ ಕಚೇರಿ. ಹುಟ್ಟುಹಬ್ಬದ ಕೇಕುಗಳನ್ನು ಮನೆಮನೆಗೆ ಕಳಿಸುವ ಪುಟ್ಟ ಕಂಪನಿ. ಗಿರಾಕಿ ಮೊಬೈಲ್ ವ್ಯಾಲೆಟ್‌ನಿಂದ ದುಡ್ಡು ಕೊಟ್ಟರೆ ಇಲ್ಲಿಗೆ ಕಾರ್ಡಿನ ನಂಬರು ಬರುವುದಿಲ್ಲ. ಟೋಕನ್ ಎಂಬ, ಬಿಗಿಯಾಗಿ ಬೀಗ ಹಾಕಿದ ಪೊಟ್ಟಣ ಬರುತ್ತದೆ. ಅದನ್ನು ಬಿಚ್ಚುವ ಕೀಲಿ ಮೂಲೆಯ ಸರ್ವರ್‌ನಲ್ಲಿದೆ. ಸರ್ವರ್ ಒಮ್ಮೆ ನಿಂತರೆ ಕೀಲಿಯೂ ನಿದ್ದೆಹೋಗುತ್ತದೆ. ಅದನ್ನು ಎಬ್ಬಿಸಲು ಗುಟ್ಟಿನ ಮಾತು ಬೇಕು. ಯಾರೊಬ್ಬರ ಕೈಗೂ ಪೂರ್ತಿ ಗುಟ್ಟು ಸಿಗಬಾರದೆಂದು ಯಜಮಾನರು ಅರ್ಧವನ್ನು ಇವನೂ ಇನ್ನರ್ಧವನ್ನು ಕಿಟಕಿ ಪಕ್ಕದ ಹುಡುಗಿಯೂ ಇಟ್ಟುಕೊಳ್ಳಲಿ ಎಂದಿದ್ದರು. ಒಬ್ಬರದು ಇನ್ನೊಬ್ಬರಿಗೆ ತಿಳಿಯಕೂಡದು. ಅವನಿಗೆ ಅರ್ಧಕೀಲಿ ಎಂಬ ಹೆಸರು ಅಂಟಿದ್ದು ಹಾಗೆ. ಆಮೇಲೆ ಅವರಿಬ್ಬರೂ ಮದುವೆಯಾದರು. ಯಜಮಾನರು ಮದುವೆಗೆ ಬಂದು ಉಂಡು ಹರಸಿ ಹೋದರು. ಕೀಲಿಯ ವಿಚಾರ ಯಾರಿಗೂ ನೆನಪಾಗಲಿಲ್ಲ.

ಅಂದು ಗಂಡಹೆಂಡಿರ ಮುಖ ನೋಡಿದ ಕೂಡಲೇ ಕಚೇರಿಯ ಲೆಕ್ಕ ನೋಡುವ ಹಿರಿಯಾಕೆ, ಎಲ್ಲರ ಲೆಕ್ಕದಕ್ಕ, ಎದ್ದು ನಿಂತಳು. ಬಿಸಿ ಚಹಾಕ್ಕೆ ಕರಗದ ಜಗಳವಿಲ್ಲವೆಂಬುದು ಅವಳ ನಂಬಿಕೆ. ಕೆಟಲಿಗೆ ಜಾಗ ಬೇಕಿತ್ತು. ಗೋಡೆಯ ಪ್ಲಗ್ಗುಗಳಲ್ಲಿ ಒಂದನ್ನು ಕಿತ್ತಳು. ಮೂಲೆಯ ಸರ್ವರ್ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಮತ್ತೆ ಪ್ಲಗ್ ಹಾಕಿದ್ದಾಯಿತು, ಸರ್ವರ್ ಎದ್ದಿತು, ಕೀಲಿ ಏಳಲಿಲ್ಲ. ಪೊಟ್ಟಣಗಳು ಮದುವೆಮನೆಯ ಉಡುಗೊರೆಗಳಂತೆ ಬಿಚ್ಚದೆ ರಾಶಿಬಿದ್ದವು.

"ಬನ್ನಿ, ಇಬ್ಬರೂ ಬನ್ನಿ," ಎಂದು ಯಜಮಾನರು ಕರೆದರು. "ಸಂಜೆ ಮೊಂಬತ್ತಿ ಊದೋಕೆ ಮಕ್ಕಳು ಕಾದು ಕೂತಿರ್ತಾವೆ."

ಹೆಂಡತಿ ತನ್ನ ಅರ್ಧವನ್ನು ಟಕಟಕನೆ ಒತ್ತಿ ಗೋಡೆ ನೋಡುತ್ತ ನಿಂತಳು. ಅರ್ಧಕೀಲಿ ತನ್ನದನ್ನು ಒತ್ತಿದ. ತಪ್ಪು. ಮತ್ತೊಮ್ಮೆ. ತಪ್ಪು.

ಹೋದ ವಾರವಷ್ಟೇ ಹೊಸ ಕೀಲಿ ಮಾಡಿದ್ದರು, ಇಬ್ಬರೂ ತಂತಮ್ಮ ಮಾತು ಬದಲಿಸಿದ್ದರು. ಆದರೆ ಬೆರಳುಗಳು, ಮಾರಿದ ಮೇಲೂ ಹಳೇ ಕೊಟ್ಟಿಗೆಗೇ ನುಗ್ಗುವ ದನದಂತೆ, ಹಳೆಯ ಮಾತನ್ನೇ ಬಡಿದಿದ್ದವು. ಹೊಸದು ಏನು? ತುಂಬ ಇಷ್ಟಪಟ್ಟು ಇಟ್ಟದ್ದು ಎಂಬುದಷ್ಟೇ ನೆನಪಿತ್ತು.

"ಇನ್ನೊಂದು ಸಲ ತಪ್ಪಿದ್ರೆ?" ಎಂದರು ಯಜಮಾನರು.

"ಕೀಲಿ ತನ್ನನ್ನ ತಾನೇ ಅಳಿಸ್ಕೊಳ್ಳುತ್ತೆ, ಸರ್," ಎಂದ ಅರ್ಧಕೀಲಿ. " ಇನ್ನೊಂದು ಮಾಡಿಸೋಕೆ ವಾರ ಬೇಕು."

ಯಜಮಾನರು ಕುರ್ಚಿ ಹುಡುಕಿಕೊಂಡು ಕೂತರು.

ಲೆಕ್ಕದಕ್ಕ ಚಹಾ ತಂದಳು. "ಪಾಪ, ರಾತ್ರಿ ನಿದ್ದೆಗೆಟ್ಟಿದಾನೆ. ಹೆಂಡತಿ ಮುಖ ಹೀಗಿಟ್ಕೊಂಡ್ರೆ ಯಾವ ಗಂಡಸಿಗೆ ತಲೆ ಓಡುತ್ತೆ? ಏನೇ ಅದು, ಏನಂದ ಇವನು?"

"ಏನಿಲ್ಲ ಬಿಡಿ, ಅಕ್ಕ."

"ಏನಿಲ್ದೆ ಸೋಫಾ ಮೇಲೆ ಮಲಗಿಸ್ತಾರೇನೆ?"

"ಸೋಫಾ ವಿಷಯ ನಿಮ್ಗೆ ಹೇಗೆ ಗೊತ್ತು?"

"ಅವನ ನಡಿಗೆ ನೋಡಿದ್ರೆ ಗೊತ್ತಾಗಲ್ವಾ? ಒಂದು ಪಕ್ಕೆ ಹಿಡ್ಕೊಂಡೇ ಓಡಾಡ್ತಿದಾನೆ."

ಹೆಂಡತಿ ಬೆಳಗಿನಿಂದ ಹಿಡಿದಿಟ್ಟದ್ದು ಆ ಮಾತಿಗೆ ಒಡೆಯಿತು. "ಇವರು ಕರೆದಿದ್ದನ್ನ ನೀವೂ ಕೇಳಿ, ಅಕ್ಕ. 'ಹಳದಿ ಕೊಡೆ ಹುಡುಗಿ, ಒಂದು ಸಲ ತಿರುಗಿ ನೋಡು.' ಒಂದಲ್ಲ, ನಾಲ್ಕು ಸಲ. ಅಷ್ಟು ಮೆತ್ತಗೆ ನನ್ನ ಯಾವತ್ತೂ ಕರೆದಿಲ್ಲ."

ಅರ್ಧಕೀಲಿ ಚಹಾದ ಲೋಟವನ್ನು ಯಜಮಾನರ ತೊಡೆಯ ಮೇಲಿಟ್ಟು ಕೀಬೋರ್ಡಿಗೆ ಹಾರಿದ. ಒತ್ತಿದ. ಕೀಲಿ ಎದ್ದಿತು. ಪೊಟ್ಟಣಗಳು ಸರಸರನೆ ಬಿಚ್ಚಿಕೊಂಡವು. ಕೆಳಗಿನ ಮಹಡಿಯಲ್ಲಿ ಕೇಕಿನ ಡಬ್ಬಿಗಳಿಗೆ ದಾರ ಕಟ್ಟುವ ಸದ್ದು ಶುರುವಾಯಿತು.

"ಅದು ನನ್ನ ಅರ್ಧ," ಎಂದ ಅವನು. "ಹೇಳೋ ಹಾಗಿರ್ಲಿಲ್ಲ. ಹುಡುಗಿ ಬೇರೆ ಯಾರೂ ಅಲ್ಲ. ನೀನು ಮೊದಲನೇ ದಿನ ಕೆಲಸ ಮುಗಿಸಿ ಮಳೇಲಿ ಹೊರಟಿದ್ದೆಯಲ್ಲ, ಹಳದಿ ಕೊಡೆ ಹಿಡ್ಕೊಂಡು. ಕಿಟಕಿಯಿಂದ ನೋಡ್ತಾ ನಿಂತಿದ್ದೆ."

ಹೆಂಡತಿ ಹುಬ್ಬು ಗಂಟಿಕ್ಕಿದಳು. "ನನ್ನ ಹತ್ರ ಹಳದಿ ಕೊಡೆ ಯಾವತ್ತೂ ಇರ್ಲಿಲ್ಲ."

ಅರ್ಧಕೀಲಿಯ ಪಕ್ಕೆಯಲ್ಲಿ ಸ್ಪ್ರಿಂಗು ಮತ್ತೆ ಚುಚ್ಚಿದಂತಾಯಿತು.

"ನಂದು ಕಣೇ ಅದು," ಎಂದಳು ಲೆಕ್ಕದಕ್ಕ. "ಹೊಸ ಹುಡುಗಿ ನೆನೀತಾಳೆ ಅಂತ ನಾನೇ ಕೊಟ್ಟಿದ್ದೆ. ಇವತ್ತಿಗೂ ವಾಪಸ್ ಬಂದಿಲ್ಲ."

ಹೆಂಡತಿಗೆ ನೆನಪಾಯಿತು. ಅವಳು ಗಂಡನ ಕಡೆ ತಿರುಗಿ ನೋಡಿದಳು. "ಲೋ, ಮೊದಲೇ ಹೇಳೋಕೇನಾಗಿತ್ತು ನಿಂಗೆ?" ಎಂದಳು. ಏಕವಚನ. ಅವನಿಗೆ ಕೇಕು, ಕೀಲಿ, ಕಂಪನಿ ಎಲ್ಲವೂ ಮರೆತುಹೋದವು.

ಮರೆಯದವರು ಯಜಮಾನರು. ಒದ್ದೆಯಾದ ಪ್ಯಾಂಟು ಒರೆಸಿಕೊಳ್ಳುತ್ತ ಕೇಳಿದರು: "ಅಂದ್ರೆ ನೀನು ನಿದ್ದೇಲಿ ಗುಟ್ಟು ಹೇಳ್ತೀಯ. ಇವಳು ಕೇಳಿಸ್ಕೊಳ್ತಾಳೆ. ನಾಳೆ ಇಡೋ ಹೊಸದೂ ಅಷ್ಟೇ ತಾನೆ?"

"ನನ್ನ ಅರ್ಧನ ಬೇರೆ ಯಾರಿಗಾದ್ರೂ ಕೊಡಿ, ಸರ್."

"ಯಾರಿಗೆ? ನನ್ನ ಫೋನ್ ಬಿಚ್ಚೋ ನಂಬರ್‌ನೇ ನನ್ನ ಮಗಳು ನೆನಪಿಟ್ಕೊಂಡಿದಾಳೆ."

ಮೂವರೂ ಲೆಕ್ಕದಕ್ಕನ ಕಡೆ ನೋಡಿದರು. ಅವಳು ಆಗಲೇ ಫೋನಿನಲ್ಲಿ ತಂಗಿಗೆ ಹಳದಿ ಕೊಡೆಯ ಕತೆ ಹೇಳುತ್ತಿದ್ದಳು. ಯಜಮಾನರು ತಲೆಯಲ್ಲಾಡಿಸಿದರು.

"ಹಾಗಾದ್ರೆ ಇದೇ ನಿಯಮ. ಎರಡು ಅರ್ಧ ಇಟ್ಕೊಂಡೋರು ಒಂದೇ ಕೋಣೇಲಿ ಮಲಗೋ ಹಾಗಿಲ್ಲ."

ಆ ರಾತ್ರಿ ಊಟವಾದ ಮೇಲೆ ಹೆಂಡತಿ ಸೋಫಾದ ಮೇಲೆ ಒಗೆದ ಹಾಸು ಹಾಸಿ, ಸ್ಪ್ರಿಂಗು ಇರುವ ಕಡೆ ತನ್ನ ದಿಂಬನ್ನೂ ಇಟ್ಟಳು.

"ಹೊಸದೇನಿಡ್ತೀಯ? ನನ್ನ ಮೇಲೇನಾ?"

"ಹೇಳಬಾರದು." ಅವನ ಕಿವಿ ಮಾತ್ರ ಕೆಂಪಾಯಿತು.

ಅವಳು ನಕ್ಕು ಕೋಣೆಗೆ ಹೋದಳು. ಬಾಗಿಲು ಬೆರಳಷ್ಟು ತೆರೆದೇ ಉಳಿಯಿತು.

"ಪೂರ್ತಿ ಹಾಕೇ, ನಿಯಮ."

"ಹಾಕಿದೀನಿ ಕಣೋ, ಮಲಗು," ಎಂದಿತು ಸಂದಿಯಿಂದ ದನಿ, ತೀರ ಹತ್ತಿರದಲ್ಲಿ.

ಅರ್ಧಕೀಲಿ ದಿಂಬಿಗೆ ಒರಗಿದ. ದಿಂಬಿನಡಿಯಿಂದಲೂ ಸ್ಪ್ರಿಂಗು ಅದೇ ಪಕ್ಕೆಲುಬನ್ನು ಹುಡುಕಿಕೊಂಡು ಬಂತು. ಅವನು ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಟೇ ಮಲಗಿದ.