ಮೂರನೇ ಆಸಿಲೇಟರ್

ಶ್ರುತಿ ತಪ್ಪಿ ಹಾಡುವವರಿಗೆ ತಾವು ತಪ್ಪುತ್ತಿದ್ದೇವೆಂದು ಗೊತ್ತಾಗುವುದೇ ಇಲ್ಲ. ಅದೇ ಅವರ ಸುಖದ ಗುಟ್ಟು. ನಾನು ಐವತ್ತೆರಡು ವರ್ಷ ಆ ಸುಖದಲ್ಲಿದ್ದೆ. ಬಚ್ಚಲಲ್ಲಿ ಹಾಡಿದೆ, ಸ್ಕೂಟರ್ ಮೇಲೆ ಹಾಡಿದೆ, ನಾನು ಗುಮಾಸ್ತನಾಗಿರುವ ಕಾಲೇಜಿನಲ್ಲಿ ಹಾಲ್ ಟಿಕೆಟ್ಟಿಗೆ ಸೀಲು ಒತ್ತುತ್ತಲೂ ಹಾಡಿದೆ. ಸಾಲಿನಲ್ಲಿದ್ದ ವಿದ್ಯಾರ್ಥಿಗಳು ತಲೆ ತಗ್ಗಿಸಿ ನಿಂತಿದ್ದನ್ನು ಗೌರವವೆಂದೇ ತಿಳಿದೆ. ಆ ಧೈರ್ಯದ ಮೇಲೆ ವಿದ್ಯಾನಗರದ ನಮ್ಮ ಬೀದಿಯ ವಚನ ಗಾಯನ ತಂಡವನ್ನೂ ಸೇರಿಬಿಟ್ಟೆ. ಅದರ ಮುಂದಾಳು ಗಿರಿಜಕ್ಕ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಂದಿಗುಡಿ ಊರಿನಲ್ಲಿ ಹಾಡಲು ತಂಡಕ್ಕೆ ಕರೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಬಸಣ್ಣ, ಬೇಜಾರ್ ಮಾಡ್ಕಬ್ಯಾಡ್ರಿ. ನಾವು ಹನ್ನೊಂದು ಜನ ಒಂದ್ ಸ್ವರದಾಗೆ ಇರ್ತೀವಿ. ನೀವು ಪಕ್ಕದ ಓಣಿಯಾಗೆ ಇರ್ತೀರಿ. ಈ ಸಲ ನೀವು ಬರಾದ್ ಬ್ಯಾಡ."

ಬಿಳಿ ಜುಬ್ಬಾ ಇಸ್ತ್ರಿ ಆಗಿತ್ತು, ಆಫೀಸಿಗೆಲ್ಲ ಸುದ್ದಿ ಹಂಚಿಯಾಗಿತ್ತು. ಮನುಷ್ಯರು ಬೇಡವೆಂದರೆ ಯಂತ್ರದ ಜೊತೆ ಹಾಡಿದರಾಯಿತು ಎಂಬ ಸಿಟ್ಟಿನಲ್ಲಿ, ಪುಕ್ಕಟೆ ಸಿಕ್ಕ, ಸಿಂಥಸೈಸರ್ ಎಂಬ ವಾದ್ಯದ ತಂತ್ರಾಂಶ ಒಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದರಲ್ಲಿ ಮೂರು ಆಸಿಲೇಟರುಗಳು, ಅಂದರೆ ಸದ್ದು ಹುಟ್ಟಿಸುವ ಮೂರು ಮೂಲಗಳು. ಒಂದನ್ನೇ ನುಡಿಸಿದೆ: ಕಿವಿಯ ಬಳಿ ಸೊಳ್ಳೆ. ಎರಡನೆಯದನ್ನೂ ಅದೇ ಸ್ವರಕ್ಕೆ ಸೇರಿಸಿದೆ: ಸ್ವಲ್ಪ ಜೋರಾದ ಸೊಳ್ಳೆ. ಅಷ್ಟರಲ್ಲಿ ಕೈತಪ್ಪಿ ಎರಡನೆಯದರ ಸ್ವರ ಕೂದಲೆಳೆಯಷ್ಟು ಜರುಗಿತು. ಅಯ್ಯಯ್ಯೋ, ಆ ಸೊಳ್ಳೆ ಮಾಯವಾಗಿ ಮನೆ ತುಂಬ ಜನ ಕೂತು ಗುಂಯ್‌ಗುಡುವಂಥ ನಾದ ಎದ್ದಿತು! ಮೂರನೆಯದನ್ನು ಇನ್ನೊಂದು ಕಡೆಗೆ ಚೂರು ಜರುಗಿಸಿದೆ. ಷೋಕೇಸಿನ ಸ್ಟೀಲ್ ಲೋಟಗಳು ನಡುಗಿದವು, ನಾನು ಲುಂಗಿಯಲ್ಲೇ ಕುಣಿದೆ. ಹೆಚ್ಚು ಕಡಿಮೆ ಒಂದೇ, ಆದರೆ ಪೂರ್ತಿ ಒಂದಲ್ಲದ ಸದ್ದುಗಳು ಕೂಡುತ್ತ ಅಗಲುತ್ತ ಇದ್ದರೇ ನಾದಕ್ಕೆ ಮೈಕಟ್ಟು ಬರುವುದಂತೆ. ಹಾಗಾದರೆ ಶ್ರುತಿ ತಪ್ಪಿದವನೇ ತಂಡದ ಆಸ್ತಿ!

ಲ್ಯಾಪ್‌ಟಾಪ್ ಹೊತ್ತು ಗಿರಿಜಕ್ಕನ ಮನೆಗೆ ಓಡಿದೆ. ಸೊಳ್ಳೆಯಿಂದ ಹಿಡಿದು ಎಲ್ಲವನ್ನೂ ಕೇಳಿಸಿದೆ.

"ಹೌದಲ್ರೀ! ಎಷ್ಟ್ ದಪ್ಪ ಆತು ನೋಡ್ರಿ!" ಎಂದು ಅವರೂ ಹಿಗ್ಗಿದರು. ಆಮೇಲೆ ಅವರೊಳಗಿನ ಮೇಷ್ಟ್ರು ಎದ್ದು ಕೂತರು. "ಈ ಗುಂಡಿ ಏನು?"

"ಮೂರನೇದರ ವಾಲ್ಯೂಮ್ರಿ."

ಪರದೆಯ ಮೇಲಿನ ಆ ಗುಂಡಿಯನ್ನು ಎಡಕ್ಕೆ ತಿರುಗಿಸಿ ತಗ್ಗಿಸಿದರು. ನಾದ ಇನ್ನೂ ಹಿತವಾಯಿತು. "ಇದು?"

"ಫಿಲ್ಟರ್. ಚುಚ್ಚೋ ಸದ್ದು ಸೋಸಾಕೆ. ಪಕ್ಕದಾವು, ಸದ್ದು ಎಷ್ಟು ನಿಧಾನಕ್ಕೆ ಏಳ್ಬೇಕು, ಎಷ್ಟು ಬೇಗ ಅಡಗ್ಬೇಕು ಅನ್ನಾವು." ನನ್ನ ಗುಂಡಿ ನಾನೇ ತೋಡಿಕೊಳ್ಳುತ್ತಿದ್ದೇನೆಂದು ಹೊಳೆಯಲಿಲ್ಲ.

"ಹಂಗಾದ್ರೆ ಬರ್ರಿ ನಂದಿಗುಡಿಗೆ," ಎಂದರು ಗಿರಿಜಕ್ಕ. "ಹಿಂದಿನ ಸಾಲು. ವಾಲ್ಯೂಮ್ ಕಾಲು ಭಾಗ. ಫಿಲ್ಟರಿಗೆ ಬಾಯಿ ಮುಚ್ಕಂಡು ಗುಂಯ್ ಅನ್ರಿ. ಎಲ್ರೂ ಶುರು ಮಾಡಿದ್ ಮ್ಯಾಲೆ ಶುರು ಮಾಡ್ರಿ, ಎಲ್ರಿಗಿಂತ ಮೊದ್ಲು ನಿಲ್ಲಿಸ್ರಿ."

ಹರಿಹರದಲ್ಲಿ ಬಸ್ ಬದಲಿಸಿ ನಂದಿಗುಡಿ ಮುಟ್ಟುವವರೆಗೂ ಬಾಯಿ ಮುಚ್ಚಿಯೇ ಅಭ್ಯಾಸ ಮಾಡಿದೆ. ವೇದಿಕೆಯ ಮೇಲೆ ನನ್ನ ಗುಂಯ್ ಸೇರಿದ್ದೇ ತಡ, ಹನ್ನೊಂದು ಜನರ ನಾದ ನಿಜಕ್ಕೂ ತುಂಬಿಕೊಂಡಿತು. ನಾನು ಬೇಕಾದವನು! ಖುಷಿ ಉಕ್ಕಿ ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ಎಲ್ಲರೂ ನಿಲ್ಲಿಸಿದರು, ನಾನೊಬ್ಬ ನಿಲ್ಲಿಸಲಿಲ್ಲ. ವಚನದ ಒಂದು ಇಡೀ ಸಾಲು ಒಬ್ಬನೇ ಹಾಡಿ ಕಣ್ಣು ಬಿಟ್ಟರೆ ಸಭೆ ಗಪ್‌ಚಿಪ್. ಗಿರಿಜಕ್ಕ ಬೈಯಲಿಲ್ಲ. ತಿರುಗಿ ನೋಡಿ, ಎರಡು ಬೆರಳೆತ್ತಿ, ಗಾಳಿಯಲ್ಲೇ ಒಂದು ಗುಂಡಿಯನ್ನು ಎಡಕ್ಕೆ ತಿರುಗಿಸಿದರು. ನಾನು ಸೊನ್ನೆಗೆ ಇಳಿದೆ.

ತಂಡದಿಂದ ತೆಗೆದಿಲ್ಲ, ಅದೇ ದೊಡ್ಡದು. ಆದರೆ ಈಗ ಸಂತೆಯಲ್ಲಿ ಕಂಡರೂ ಗಿರಿಜಕ್ಕ ನಮಸ್ಕಾರದ ಬದಲು ಆ ಬೆರಳು ತಿರುಗಿಸುತ್ತಾರೆ, ನನ್ನ ದನಿ ತಾನಾಗಿ ಪಿಸುಮಾತಿಗೆ ಇಳಿಯುತ್ತದೆ. ಇದನ್ನು ನೋಡಿ ನೋಡಿ ಈರುಳ್ಳಿ ಮಾರುವವಳೂ ಕಲಿತಿದ್ದಾಳೆ. ನಾನು ಚೌಕಾಸಿಗೆ ಬಾಯಿ ತೆರೆದರೆ ಸಾಕು, ತಕ್ಕಡಿ ಕೆಳಗಿಟ್ಟು ಎರಡು ಬೆರಳು ಎತ್ತುತ್ತಾಳೆ.